ಪೈಲಟ್ ವೃತ್ತಿ, ನಿವೃತ್ತಿ ವಯಸ್ಸು, ವಿಮಾನ ಚಾಲನೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮೇಲೆ ತರಬೇತಿ ವಿಮಾನಗಳು ಸುತ್ತು ಹಾಕತೊಡಗಿದ ಮೇಲೆ ಈ ಮೂರೂ ಜಿಲ್ಲೆಗಳ ಮನೆಗಳಲ್ಲಿ ಪೈಲಟ್ ಆಗುವ ಮಾತು ಹೆಚ್ಚಾಗಿದೆ. ಹೊಲ ಅಡ ಇಟ್ಟು ಫೀ ಕಟ್ಟಿದ ಮೇಲೆ ಕೇಳುವ ಪ್ರಶ್ನೆಗಳನ್ನು ಕಟ್ಟುವ ಮೊದಲೇ ಕೇಳಿದರೆ ಎಷ್ಟೋ ನಷ್ಟ ತಪ್ಪುತ್ತದೆ. ಅದಕ್ಕಾಗಿ ಇಲ್ಲಿನ ಉತ್ತರಗಳು.

ಪೈಲಟ್ ಆಗಬೇಕೆಂದರೆ ಮೊಟ್ಟಮೊದಲು ಏನು ಮಾಡಬೇಕು?

ಮೆಡಿಕಲ್ ಮಾಡಿಸಿ. ಶಾಲೆ ಹುಡುಕುವುದು, ಸಾಲಕ್ಕೆ ಓಡಾಡುವುದು, ಕೋಚಿಂಗ್ ಸೇರುವುದು ಎಲ್ಲ ಆಮೇಲೆ. ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಕ) ಮಾನ್ಯತೆ ಪಡೆದ ವೈದ್ಯರ ಬಳಿ ಮೊದಲು ಕ್ಲಾಸ್ 2 ಎಂಬ ಪ್ರಾಥಮಿಕ ಪರೀಕ್ಷೆ, ಅದಾದ ಮೇಲೆ ಇನ್ನೂ ಬಿಗಿಯಾದ ಕ್ಲಾಸ್ 1. ಮೊದಲ ಸಲದ ಕ್ಲಾಸ್ 1 ಪರೀಕ್ಷೆ ವಾಯುಪಡೆಯ ವೈದ್ಯಕೀಯ ಕೇಂದ್ರಗಳಲ್ಲಿ ಅಥವಾ ಡಿಜಿಸಿಎ ಒಪ್ಪಿದ ಕೇಂದ್ರಗಳಲ್ಲಿ ನಡೆಯುತ್ತದೆ. ನಮ್ಮ ಕಡೆಯವರು ಸಾಮಾನ್ಯವಾಗಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ಗೆ ಹೋಗುತ್ತಾರೆ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್-ರೇ, ಕಿವಿಯ ಆಡಿಯೋಮೆಟ್ರಿ, ಕಣ್ಣು, ತೂಕ ಎಲ್ಲವನ್ನೂ ನೋಡುತ್ತಾರೆ.

ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್, ಕ್ಲಾಸ್ 1 ಇಲ್ಲದೆ ಕೈಗೆ ಬರದು. ಕ್ಲಾಸ್ 2 ಒಂದರ ಮೇಲೆ 30 ಲಕ್ಷ ಕಟ್ಟಿ, ನೂರು ಗಂಟೆ ಹಾರಿದ ಮೇಲೆ ಕ್ಲಾಸ್ 1ರಲ್ಲಿ ತೊಂದರೆ ಸಿಕ್ಕಿಬಿದ್ದರೆ ಆ ಹಣ ತಿರುಗಿ ಬರುವುದಿಲ್ಲ. "ಟೆಂಪರರಿ ಅನ್‌ಫಿಟ್" ಎಂದು ಬರೆದರೆ ಗಾಬರಿಯಾಗಬೇಡಿ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಇಂಥವನ್ನು ಸರಿಮಾಡಿಕೊಂಡು ಮತ್ತೆ ಹೋಗಬಹುದು. ಆದರೆ ಸೇವಿಸುತ್ತಿರುವ ಮಾತ್ರೆಯನ್ನೋ ಹಿಂದಿನ ಶಸ್ತ್ರಚಿಕಿತ್ಸೆಯನ್ನೋ ಮುಚ್ಚಿಡಬೇಡಿ. ರೋಗಕ್ಕೆ ಪರಿಹಾರ ಸಿಕ್ಕೀತು, ಸುಳ್ಳು ಹೇಳಿಕೆಗೆ ಸಿಗುವುದಿಲ್ಲ.

ಕನ್ನಡಕ ಇದ್ದರೆ ಆಗುವುದಿಲ್ಲವೇ?

ಆಗುತ್ತದೆ. ಕನ್ನಡಕ ಹಾಕಿದಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು. ಹಾರುವಾಗ ಹೆಚ್ಚುವರಿ ಕನ್ನಡಕವೊಂದು ಜೊತೆಗಿರಬೇಕು. ನಿಜವಾಗಿ ದಾರಿ ಮುಚ್ಚುವುದು ಬಣ್ಣಗುರುಡು. ಇಶಿಹಾರ ಪುಸ್ತಕದ ಚುಕ್ಕೆಗಳ ನಡುವಿನ ಅಂಕಿ ಓದಲಾಗದಿದ್ದರೆ ಲ್ಯಾಂಟರ್ನ್ ಪರೀಕ್ಷೆ ಇರುತ್ತದೆ, ಅದರಲ್ಲೂ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದಿದ್ದರೆ ವಾಣಿಜ್ಯ ಹಾರಾಟ ಕಷ್ಟ. ಊರಿನ ಕಣ್ಣಿನ ವೈದ್ಯರ ಬಳಿ ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಇದು. ಹತ್ತನೇ ಇಯತ್ತೆಯಲ್ಲೇ ಮಾಡಿಸಿಬಿಡಿ.

ಪಿಯುಸಿಯಲ್ಲಿ ಕಾಮರ್ಸ್ ಓದಿದ್ದೇನೆ, ದಾರಿ ಇದೆಯೇ?

ಭೌತಶಾಸ್ತ್ರ, ಗಣಿತ ಎರಡೂ ಹನ್ನೆರಡನೆಯ ತರಗತಿ ಮಟ್ಟದಲ್ಲಿ ಪಾಸಾಗಿರಬೇಕು. ಇಲ್ಲದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಆ ಎರಡು ವಿಷಯಗಳನ್ನಷ್ಟೇ ಬರೆದು ಮುಂದುವರಿಯುತ್ತಾರೆ. ಪಿಯು ಬಿಟ್ಟು ಕೂತವರಿಗೂ ಇದೇ ದಾರಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತೊಡಕಾಗುತ್ತದೆಯೇ?

ಮೊದಲ ಆರು ತಿಂಗಳು ಆಗುತ್ತದೆ, ಆಮೇಲೆ ಇಲ್ಲ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಗ್ಲಿಷ್‌ಗೆ 6 ಹಂತಗಳಿವೆ, ಪೈಲಟ್‌ಗೆ ಕನಿಷ್ಠ 4ನೇ ಹಂತ ಬೇಕು. ನೋಡುವುದು ಸ್ಪಷ್ಟತೆಯನ್ನು. ಉಚ್ಚಾರದಲ್ಲಿ ಬೆಳಗಾವಿಯ ಛಾಯೆ ಇದ್ದರೆ ಯಾರೂ ಅಂಕ ಕಳೆಯುವುದಿಲ್ಲ.

ತೊಡಕು ಬರುವುದು ರೇಡಿಯೋದಲ್ಲಿ. ಟವರ್ ಒಂದೇ ಉಸಿರಿನಲ್ಲಿ ರನ್‌ವೇ, ಗಾಳಿ, ಕ್ಯೂಎನ್ಎಚ್ (ಎತ್ತರ ತೋರಿಸುವ ಯಂತ್ರಕ್ಕೆ ಹಾಕುವ ಗಾಳಿಯೊತ್ತಡದ ಅಂಕಿ), ಮುಂದೆ ಹೋಗುತ್ತಿರುವ ವಿಮಾನ ಎಲ್ಲ ಹೇಳುತ್ತದೆ. ಕೇಳಿದ್ದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ತಲೆಯಲ್ಲಿ ತಿರುಗಿಸುವ ಹೊತ್ತಿಗೆ ಮುಂದಿನ ಕರೆ ಬಂದಿರುತ್ತದೆ. ಬರುವ ಕ್ರಮ ಗೊತ್ತಿದ್ದರೆ ಕಿವಿ ಮುಂಚಿತವಾಗಿ ಸಿದ್ಧವಾಗುತ್ತದೆ. ಆದ್ದರಿಂದ ವಾಕ್ಯಗಳನ್ನು ಉರು ಹೊಡೆಯುವುದಕ್ಕಿಂತ ಆ ಕ್ರಮವನ್ನು ಕಲಿಯಿರಿ. ದಿನಕ್ಕೆ 20 ನಿಮಿಷ ಗಟ್ಟಿಯಾಗಿ ರೀಡ್‌ಬ್ಯಾಕ್ (ಟವರ್ ಹೇಳಿದ್ದನ್ನು ತಿರುಗಿ ಹೇಳುವುದು) ಹೇಳಿಕೊಂಡರೆ ಆರ್‌ಟಿಆರ್ ಎಂಬ ರೇಡಿಯೋ ಪರವಾನಗಿಯ ಪರೀಕ್ಷೆಗೂ ಅದೇ ತಯಾರಿ.

ಸಿಪಿಎಲ್‌ಗೆ 200 ಗಂಟೆ ಎನ್ನುತ್ತಾರೆ. ಅದರೊಳಗೆ ಏನೇನು ಇರಬೇಕು?

ವಯಸ್ಸು 18 ಆಗಿರಬೇಕು. 200 ಗಂಟೆಯಲ್ಲಿ ಕನಿಷ್ಠ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿರಬೇಕು. ಆ ನೂರರಲ್ಲಿ 50 ಗಂಟೆ ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ಹಾರುವುದು. ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲುವಂತೆ ಇಳಿದದ್ದಾಗಿರಬೇಕು. ಇನ್‌ಸ್ಟ್ರುಮೆಂಟ್ ಹಾರಾಟ (ಹೊರಗೆ ನೋಡದೆ ಯಂತ್ರಗಳನ್ನೇ ನೋಡಿ ಹಾರುವುದು) 10 ಗಂಟೆ, ಅದರಲ್ಲಿ ಸಿಮ್ಯುಲೇಟರ್‌ನದು 5 ಗಂಟೆ ಮೀರಬಾರದು. ರಾತ್ರಿ ಹಾರಾಟ 5 ಗಂಟೆ, ಜೊತೆಗೆ 10 ಟೇಕ್‌ಆಫ್ ಮತ್ತು 10 ಲ್ಯಾಂಡಿಂಗ್.

ಹುಡುಗರು ಎಡವುವುದು ಕೊನೆಯ 6 ತಿಂಗಳ ಲೆಕ್ಕದಲ್ಲಿ. ಅರ್ಜಿ ಹಾಕುವ ಮುಂಚಿನ 6 ತಿಂಗಳೊಳಗೆ ಕಮಾಂಡ್‌ನಲ್ಲಿ 15 ಗಂಟೆ ಇರಬೇಕು. ಮಳೆಗಾಲದಲ್ಲಿ ಹಾರಾಟ ನಿಂತು, ಪರೀಕ್ಷೆಯ ಪೇಪರೊಂದು ಬಾಕಿ ಉಳಿದು ವರ್ಷ ಕಳೆದರೆ, 200 ಮುಗಿದಿದ್ದರೂ ಮತ್ತೆ ಹಣ ಕೊಟ್ಟು ಹಾರಬೇಕಾಗುತ್ತದೆ. ಹಾಗಾಗಿ ಪೇಪರ್‌ಗಳನ್ನು ಮೊದಲೇ ಮುಗಿಸಿಕೊಂಡು ಹಾರಾಟಕ್ಕೆ ಇಳಿಯುವುದು ಜಾಣತನ.

ಪರೀಕ್ಷೆಗಳು ಯಾವುವು?

ಏರ್ ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್, ಟೆಕ್ನಿಕಲ್ ಜನರಲ್, ಹಾರುವ ವಿಮಾನಕ್ಕೆ ತಕ್ಕ ಟೆಕ್ನಿಕಲ್ ಸ್ಪೆಸಿಫಿಕ್. ಪಾಸಾಗಲು 70 ಅಂಕ. ರೇಡಿಯೋಗೆ ಆರ್‌ಟಿಆರ್ ಬೇರೆ. ಇವಕ್ಕೆಲ್ಲ ಮೊದಲು ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ ಪಡೆಯಬೇಕು. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ ಬರುವುದು ಸಾಮಾನ್ಯ. ಅರ್ಜಿ ತಿರುಗಿ ಬರುವುದು ಇಂಥ ಚಿಕ್ಕ ಕಾರಣಕ್ಕೇ.

ಸಾಂಬ್ರಾದಲ್ಲೇ ಕಲಿಯಬಹುದೇ? ಶಾಲೆ ಆರಿಸುವುದು ಹೇಗೆ?

ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹಾರಾಟ ಶಾಲೆಗಳಿಗೆಂದು ಆರಿಸಿದ ನಿಲ್ದಾಣಗಳಲ್ಲಿ ಬೆಳಗಾವಿಯೂ ಕಲಬುರಗಿಯೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ಶಾಲೆ ಇದೆ. ಊರಿಗೆ ಹತ್ತಿರ ಎನ್ನುವುದೊಂದನ್ನೇ ನೋಡಿ ಸೇರಬೇಡಿ.

ಕೇಳಬೇಕಾದ ಪ್ರಶ್ನೆಗಳು ಇವು. ಇಂದು ಹಾರಲು ಯೋಗ್ಯವಾಗಿರುವ ವಿಮಾನ ಎಷ್ಟು? ಹ್ಯಾಂಗರ್‌ನಲ್ಲಿ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು? ಕಳೆದ ಮೂರು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ಸರಾಸರಿ ಎಷ್ಟು ಗಂಟೆ ಹಾರಿದ? ತಿಂಗಳಿಗೆ 15 ಗಂಟೆ ಸಿಕ್ಕರೆ 200 ಗಂಟೆ 13–14 ತಿಂಗಳಲ್ಲಿ ಮುಗಿಯುತ್ತದೆ. 6 ಗಂಟೆಯಾದರೆ 33 ತಿಂಗಳು. ಉಳಿದ 20 ತಿಂಗಳ ಬಾಡಿಗೆ, ಊಟ, ಸಾಲದ ಬಡ್ಡಿ ಎಲ್ಲ ನಿಮ್ಮ ತಲೆಯ ಮೇಲೆ. ಬಿಟ್ಟು ಹೋದರೆ ಎಷ್ಟು ಹಣ ವಾಪಸ್ ಎಂಬುದು ಕರಾರಿನಲ್ಲಿ ಬರೆದಿರಬೇಕು. ಪೂರ್ತಿ ಫೀ ಒಂದೇ ಸಲ ಕೇಳುವ ಕಡೆ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಮಾಡಿಸಿಕೊಳ್ಳಿ. ಡಿಜಿಸಿಎ 2025ರಿಂದ ಹಾರಾಟ ಶಾಲೆಗಳ ಶ್ರೇಣಿಯನ್ನೂ ಪ್ರಕಟಿಸುತ್ತಿದೆ, ನೋಡಿಕೊಂಡು ಹೋಗಿ.

"ಪಾರ್ಕರ್ ಪೆನ್ ಗಂಟೆ" ಎಂದರೇನು?

ಹಾರದೆ ಲಾಗ್‌ಬುಕ್‌ನಲ್ಲಿ ಬರೆದುಕೊಂಡ ಗಂಟೆ. ಹಳೆಯ ಪೈಲಟ್‌ಗಳು ಇಟ್ಟ ಹೆಸರು. ವಿಮಾನದ ಟೆಕ್ ಲಾಗ್, ಟವರ್‌ನ ದಾಖಲೆ, ಇಂಧನದ ಲೆಕ್ಕ ಮೂರನ್ನೂ ಪಕ್ಕದಲ್ಲಿಟ್ಟರೆ ಸುಳ್ಳು ಒಂದು ಮಧ್ಯಾಹ್ನದಲ್ಲಿ ಬಯಲಾಗುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದಿದ್ದ ಪೈಲಟ್‌ಗಳು ಸಿಕ್ಕಿಬಿದ್ದು ಜೈಲು ಕಂಡದ್ದು ದೇಶಕ್ಕೆಲ್ಲ ಗೊತ್ತು. ಕಾನೂನು ಒತ್ತಟ್ಟಿಗಿರಲಿ, ಮಾಡದ ಕ್ರಾಸ್‌ವಿಂಡ್ (ಅಡ್ಡಗಾಳಿಯ) ಲ್ಯಾಂಡಿಂಗ್ ಮುಂದೊಂದು ದಿನ ಎಪ್ಪತ್ತು ಜನರನ್ನು ಹಿಂದೆ ಕೂರಿಸಿಕೊಂಡಾಗ ಮಾಡಬೇಕಾಗಿ ಬರುತ್ತದೆ.

ಸಾಂಬ್ರಾದಲ್ಲಿ ನೆಲದ ಮೇಲೆ ನಿಂತಿದ್ದರೂ ಎತ್ತರ ತೋರಿಸುವ ಆಲ್ಟಿಮೀಟರ್ 2,487 ಅಡಿ ತೋರಿಸುತ್ತದೆ. ಕೆಟ್ಟಿದೆಯೇ?

ಸರಿಯಾಗಿದೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,487 ಅಡಿ ಎತ್ತರದಲ್ಲಿದೆ. ಟವರ್ ಕೊಡುವ ಕ್ಯೂಎನ್ಎಚ್ ಹಾಕಿದಾಗ ಯಂತ್ರ ಸಮುದ್ರಮಟ್ಟದಿಂದ ಎತ್ತರ ಹೇಳುತ್ತದೆ. ರನ್‌ವೇ ಮೇಲಿನ ಸುತ್ತು 1,000 ಅಡಿ ಎತ್ತರದಲ್ಲಿ ಹಾರಬೇಕಾದರೆ ಮುಳ್ಳು ಸುಮಾರು 3,500ರಲ್ಲಿ ಇರಬೇಕು. ಸಮುದ್ರತೀರದ ನಿಲ್ದಾಣದಲ್ಲಿ ಕಲಿತವರು ಇಲ್ಲಿ ಬಂದಾಗ ಹಳೆಯ ರೂಢಿಯಲ್ಲಿ ಸಾವಿರದ ಅಂಕಿಯನ್ನು ಹುಡುಕಿ ತಡವರಿಸುತ್ತಾರೆ.

ಒತ್ತಡದ ಅಂಕಿಯನ್ನು ತಪ್ಪಾಗಿ ಹಾಕುವುದು ಇನ್ನೂ ಅಪಾಯ. ಒಂದು ಹೆಕ್ಟೋಪಾಸ್ಕಲ್ ಎಂದರೆ ಸುಮಾರು 27ರಿಂದ 30 ಅಡಿ. 1003ರ ಬದಲು 1013 ಉಳಿದುಬಿಟ್ಟರೆ ನೀವು ಅಂದುಕೊಂಡದ್ದಕ್ಕಿಂತ ಹತ್ತಿರ ಹತ್ತಿರ 300 ಅಡಿ ಕೆಳಗಿರುತ್ತೀರಿ. ಮಳೆಗಾಲದಲ್ಲಿ ಒತ್ತಡ ಇಳಿದಿರುತ್ತದೆ, ಮೋಡವೂ ಕೆಳಗಿರುತ್ತದೆ. ಎರಡೂ ಒಟ್ಟಿಗೆ ಬರುವ ಕಾಲದಲ್ಲೇ ಈ ತಪ್ಪು ಆಗುವುದು.

ಬೇಸಿಗೆಯ ಮಧ್ಯಾಹ್ನ ತರಬೇತಿ ವಿಮಾನ ಏಳಲು ಇಷ್ಟು ದೂರ ಓಡುವುದೇಕೆ?

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ರೆಕ್ಕೆಗೆ, ಪ್ರೊಪೆಲ್ಲರ್‌ಗೆ, ಎಂಜಿನ್‌ಗೆ ಮೂರಕ್ಕೂ ಹಿಡಿಯಲು ಸಿಗುವ ಗಾಳಿ ಕಡಿಮೆ. ಲೆಕ್ಕ ಹೀಗೆ ಮಾಡಿ. 2,500 ಅಡಿಯಲ್ಲಿ ಪ್ರಮಾಣಿತ ತಾಪಮಾನ 10 ಡಿಗ್ರಿ. ಏಪ್ರಿಲ್‌ನಲ್ಲಿ ಸಾಂಬ್ರಾದಲ್ಲಿ 37 ಇದೆ ಎನ್ನಿ. ಹೆಚ್ಚಿನದು 27 ಡಿಗ್ರಿ. ಪ್ರತಿ ಡಿಗ್ರಿಗೆ 120 ಅಡಿಯಂತೆ 3,240. ಅದಕ್ಕೆ ನಿಲ್ದಾಣದ ಎತ್ತರ ಕೂಡಿಸಿದರೆ ಒಟ್ಟು 5,700 ಅಡಿ ದಾಟಿತು. ವಿಮಾನ ನಿಂತಿರುವುದು ಬೆಳಗಾವಿಯಲ್ಲಾದರೂ ಅದರ ಪಾಲಿಗೆ ಅದು ಬೆಟ್ಟದ ಮೇಲಿನ ನಿಲ್ದಾಣ. ಪ್ರತಿ ಸಾವಿರ ಅಡಿಗೆ ಓಟ ನೂರಕ್ಕೆ ಹತ್ತರಷ್ಟು ಬೆಳೆಯುತ್ತದೆ ಎಂಬ ಒರಟು ಅಳತೆ ಹಿಡಿದರೆ, ಸಮುದ್ರಮಟ್ಟದಲ್ಲಿ 960 ಅಡಿ ಓಡುವ ಸೆಸ್ನಾ 172 ಇಲ್ಲಿ 1,500 ಅಡಿ ಕೇಳುತ್ತದೆ.

ಸಾಂಬ್ರಾದ ರನ್‌ವೇ 2,300 ಮೀಟರ್ ಇರುವುದರಿಂದ ಓಟಕ್ಕೆ ಕೊರತೆಯಿಲ್ಲ. ಕಾಡುವುದು ಏರುವ ವೇಗ. ಇಬ್ಬರು ಕೂತು ಟ್ಯಾಂಕ್ ತುಂಬಿಸಿದ್ದರೆ ವಿಮಾನ ಮೇಲೇಳಲು ತಿಣುಕುತ್ತದೆ. ಆಗ ಮೂಗು ಎತ್ತಿ ಬಲವಂತ ಮಾಡಿದರೆ ವೇಗ ಕುಸಿದು ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ ಕಡೆಗೆ ಹೋಗುತ್ತದೆ. ಏರುವಾಗ ಇಡಬೇಕಾದ ಮುನ್ನುಗ್ಗುವ ವೇಗದ ಅಂಕಿಯನ್ನು ಬಿಡದೆ ಹಿಡಿದು, ತಾಳ್ಮೆಯಿಂದ ಏರಿಸಬೇಕು. ವಿಜಯಪುರ ಬೆಳಗಾವಿಗಿಂತ ತಗ್ಗಿನಲ್ಲಿದ್ದರೂ ಬಿಸಿಲು ಜಾಸ್ತಿ. ಬುರಣಾಪುರದ ಹೊಸ ನಿಲ್ದಾಣದಲ್ಲಿ 41 ಡಿಗ್ರಿಯ ದಿನ ಲೆಕ್ಕ ಹಾಕಿದರೂ ಉತ್ತರ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ತರಬೇತಿ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಇದಕ್ಕೇ.

ಹಾರುವ ಮೊದಲು ವಿದ್ಯಾರ್ಥಿಗಳು ರೆಕ್ಕೆಯ ಕೆಳಗೆ ಬಗ್ಗಿ ಕಪ್‌ನಲ್ಲಿ ಏನು ಹಿಡಿಯುತ್ತಾರೆ?

ಇಂಧನದಲ್ಲಿ ನೀರು ಇದೆಯೇ ಎಂದು ನೋಡುತ್ತಾರೆ. ಪಿಸ್ಟನ್ ವಿಮಾನಕ್ಕೆ ಹಾಕುವ ಆವ್‌ಗ್ಯಾಸ್ 100 ಎಲ್‌ಎಲ್ ತಿಳಿನೀಲಿ ಬಣ್ಣ. ನೀರು ಅದಕ್ಕಿಂತ ಭಾರ, ಹಾಗಾಗಿ ಕಪ್‌ನ ತಳದಲ್ಲಿ ಗುಂಡಗೆ ಗುಳ್ಳೆಯಂತೆ ಕೂರುತ್ತದೆ. ಸೆಸ್ನಾ 172ಎಸ್ ಮಾದರಿಯಲ್ಲಿ ಒಟ್ಟು 13 ಕಡೆ ಡ್ರೇನ್ ಇದೆ: ಒಂದೊಂದು ರೆಕ್ಕೆಗೆ 5, ಹೊಟ್ಟೆಯ ಕೆಳಗೆ 3. ಮಳೆಯಲ್ಲಿ ನೆನೆಯುವುದು ಬೇಡವೆಂದು ಎರಡು ಕಡೆ ಹಿಡಿದು ಮುಗಿಸುವವರಿದ್ದಾರೆ. ಬಿಟ್ಟ ಹನ್ನೊಂದರಲ್ಲಿ ಒಂದರಲ್ಲಿ ನೀರಿದ್ದರೆ ಅದು ಎಂಜಿನ್ ತಲುಪುವುದು ಟೇಕ್‌ಆಫ್ ಹೊತ್ತಿಗೆ.

ಮೋಸ ಹೋಗುವ ಜಾಗ ಇನ್ನೊಂದಿದೆ. ಇಡೀ ಕಪ್ ನೀರೇ ಆಗಿದ್ದರೆ ನಡುವಿನ ಗೆರೆಯೇ ಕಾಣುವುದಿಲ್ಲ, ನೀಲಿ ಆಕಾಶದ ಎದುರು ಹಿಡಿದರೆ ನೀರೂ ನೀಲಿಯಾಗಿಯೇ ತೋರುತ್ತದೆ. ಬಿಳಿ ರೆಕ್ಕೆಯ ಎದುರು ಹಿಡಿಯಿರಿ, ವಾಸನೆ ನೋಡಿ, ಒಂದು ಹನಿ ಬೆರಳಿಗೆ ಹಾಕಿ. ಆವ್‌ಗ್ಯಾಸ್ ತಕ್ಷಣ ಆರಿ ತಣ್ಣಗೆ ಅನ್ನಿಸುತ್ತದೆ, ನೀರು ಹಾಗೇ ನಿಲ್ಲುತ್ತದೆ, ಜಿಡ್ಡು ಉಳಿದರೆ ಅದರಲ್ಲಿ ಜೆಟ್ ಇಂಧನ ಬೆರೆತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗಿನ ತೇವ ತಂಪಾಗಿ ನೀರಾಗುತ್ತದೆ. ಸಂಜೆಯೇ ತುಂಬಿಸಿಟ್ಟರೆ ಇದು ಕಡಿಮೆಯಾಗುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆನೀರು ನೇರವಾಗಿಯೇ ಇಳಿಯುತ್ತದೆ, ಅದನ್ನೂ ಬೆರಳಾಡಿಸಿ ನೋಡಬೇಕು.

ಅದೇ ಸುತ್ತಿನಲ್ಲಿ ಎಣ್ಣೆ: 172ಎಸ್‌ನಲ್ಲಿ 5 ಕ್ವಾರ್ಟ್‌ಗಿಂತ ಕಡಿಮೆ ಇದ್ದರೆ ಹಾರಬಾರದು. ಓಡಿಸುವ ಮೊದಲು 1,800 ಆರ್‌ಪಿಎಂನಲ್ಲಿ ಮ್ಯಾಗ್ನೆಟೋಗಳನ್ನು (ಎಂಜಿನ್‌ಗೆ ಕಿಡಿ ಕೊಡುವ ಎರಡು ಯಂತ್ರಗಳು) ಒಂದೊಂದಾಗಿ ನೋಡುವಾಗ ಇಳಿತ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಇಳಿತವೇ ಇಲ್ಲದಿದ್ದರೆ ಖುಷಿಪಡಬೇಡಿ. ಸ್ವಿಚ್ಚಿನ ಅರ್ಥಿಂಗ್ ತಂತಿ ಕಡಿದಿರಬಹುದು. ಹಾಗಿದ್ದರೆ ಕೀ ತೆಗೆದ ಮೇಲೂ ಪ್ರೊಪೆಲ್ಲರ್ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ.

ಅಡ್ಡಗಾಳಿಯನ್ನು ಬಾಯಿಲೆಕ್ಕದಲ್ಲಿ ಹೇಳುವುದು ಹೇಗೆ?

ಗಡಿಯಾರ ನೆನಪಿಟ್ಟುಕೊಳ್ಳಿ, ಡಿಗ್ರಿಯನ್ನು ನಿಮಿಷವೆಂದು ಓದಿ. ಗಾಳಿ ರನ್‌ವೇಗೆ 15 ಡಿಗ್ರಿ ಓರೆಯಿದ್ದರೆ ಕಾಲು ಭಾಗ, 30 ಇದ್ದರೆ ಅರ್ಧ, 45 ಇದ್ದರೆ ಮುಕ್ಕಾಲು, 60 ದಾಟಿದರೆ ಪೂರ್ತಿ ಅಡ್ಡಗಾಳಿ ಎಂದೇ ಹಿಡಿಯಿರಿ. ಸಾಂಬ್ರಾದ ರನ್‌ವೇ 08/26. ಮುಂಗಾರಿನಲ್ಲಿ 230 ಡಿಗ್ರಿಯಿಂದ 20 ನಾಟ್ ಬೀಸಿದರೆ 26ರ ದಿಕ್ಕು 260, ಓರೆ 30, ಅಡ್ಡಗಾಳಿ 10 ನಾಟ್. ಸೆಸ್ನಾ 172ರಲ್ಲಿ ತಯಾರಕರು ಇಳಿಸಿ ತೋರಿಸಿದ ಗರಿಷ್ಠ ಅಡ್ಡಗಾಳಿ 15 ನಾಟ್, ಆದ್ದರಿಂದ ಕಾಗದದ ಮೇಲೆ ಸರಿ. ಆದರೆ ಗಾಳಿ ಏಕಾಏಕಿ 32ಕ್ಕೆ ಜಿಗಿದರೆ ಅಡ್ಡಗಾಳಿ 16 ಆಯಿತು. ಲೆಕ್ಕವನ್ನು ಸರಾಸರಿಗೆ ಹಾಕದೆ ಗಸ್ಟ್‌ಗೆ ಹಾಕಬೇಕು.

ಎಟಿಆರ್ (ಪ್ರೊಪೆಲ್ಲರ್ ಇರುವ ಪ್ರಯಾಣಿಕ ವಿಮಾನ) ನಿಂತಿರುವಾಗ ಬಲಗಡೆಯ ಎಂಜಿನ್ ಸದ್ದು ಬರುತ್ತದೆ, ಫ್ಯಾನು ಮಾತ್ರ ತಿರುಗುವುದಿಲ್ಲ. ಯಾಕೆ?

ಜೆಟ್‌ಗಳ ಬಾಲದಲ್ಲಿ ಎಪಿಯು ಎಂಬ ಚಿಕ್ಕ ಎಂಜಿನ್ ಇರುತ್ತದೆ, ನಿಂತಾಗ ವಿದ್ಯುತ್ತು, ತಂಪು ಗಾಳಿ ಕೊಡಲು. ಎಟಿಆರ್ 72ರಲ್ಲಿ ಅದಿಲ್ಲ. ಅದರ ಬದಲು ಬಲಗಡೆಯ ಎಂಜಿನ್ ಓಡಿಸಿ, ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕುತ್ತಾರೆ. ಇದನ್ನು ಹೋಟೆಲ್ ಮೋಡ್ ಎನ್ನುತ್ತಾರೆ. ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಮತ್ತು ಗಾಳಿ ಒತ್ತುವ ಭಾಗ ಒಂದೇ ಶಾಫ್ಟ್ ಮೇಲೆ ಇಲ್ಲದ್ದರಿಂದ ಇದು ಸಾಧ್ಯ. ಹಿಂದಿನಿಂದ ಜೋರು ಗಾಳಿ ಬೀಸಿದರೆ ಹೊರಬಿಟ್ಟ ಬಿಸಿ ಹೊಗೆ ಮುಂದಕ್ಕೆ ತಿರುಗಿ ಬರುತ್ತದೆ, ಆಗ ಈ ವಿಧಾನ ಬಳಸಲಾಗದು. ಪ್ರಯಾಣಿಕರು ಹಿಂಬಾಗಿಲಿನಿಂದ ಹತ್ತುವುದೂ ಎಟಿಆರ್‌ನ ರಚನೆಯಿಂದಲೇ: ಎಡಗಡೆ ಮುಂದಿನ ಬಾಗಿಲು ಸಾಮಾನಿನದು. ಜನ ಎಲ್ಲ ಹಿಂದೆಯೇ ಸೇರಿದಾಗ ಬಾಲ ನೆಲಕ್ಕೆ ಕೂರದಿರಲೆಂದು ಅಲ್ಲೊಂದು ಊರುಗೋಲು ಕೊಡುತ್ತಾರೆ.

ನಮ್ಮ ವಿಮಾನ ಬೆಳಗಾವಿಯ ಮೇಲೆ ಸುತ್ತಿ ಸುತ್ತಿ ಕೊನೆಗೆ ಬೆಂಗಳೂರಿಗೆ ಹೋಯಿತು. ಪಕ್ಕದ ಗೋವಾ ಬಿಟ್ಟು ಅಷ್ಟು ದೂರ ಯಾಕೆ?

ಟರ್ಬೈನ್ ವಿಮಾನ ಹೊರಡುವಾಗ ದಾರಿಯ ಇಂಧನ, ಅನಿರೀಕ್ಷಿತಕ್ಕೆ ಒಂದು ಪಾಲು, ಬದಲಿ ನಿಲ್ದಾಣಕ್ಕೆ ಬೇಕಾದದ್ದು, ಅದರ ಮೇಲೆ 1,500 ಅಡಿಯಲ್ಲಿ 30 ನಿಮಿಷ ಸುತ್ತುವಷ್ಟು ಮುಟ್ಟಬಾರದ ಇಂಧನ, ಇಷ್ಟನ್ನೂ ಹೊತ್ತಿರುತ್ತದೆ. ಬದಲಿ ನಿಲ್ದಾಣ ಹತ್ತಿರವಿದ್ದಷ್ಟೂ ಇಂಧನ ಉಳಿತಾಯ ನಿಜ. ಆದರೆ ಜುಲೈನಲ್ಲಿ ಘಟ್ಟದ ಅಂಚಿನ ಬೆಳಗಾವಿಯನ್ನು ಮುಚ್ಚಿದ ಮೋಡವೇ ಗೋವಾದ ಮೇಲೂ ಇರುತ್ತದೆ. ಅಲ್ಲಿಗೆ ಹೋಗಿ ಅಲ್ಲೂ ಇಳಿಯಲಾಗದಿದ್ದರೆ ಕೈಯಲ್ಲಿ ಉಳಿಯುವುದು ಆ 30 ನಿಮಿಷ ಮಾತ್ರ. ಒಣ ಪ್ರದೇಶದ ದೂರದ ನಿಲ್ದಾಣವನ್ನು ಆರಿಸಿದ ಕ್ಯಾಪ್ಟನ್ ನಿಮ್ಮ ಎರಡು ಗಂಟೆ ತಿಂದಿರಬಹುದು, ತೀರ್ಮಾನ ಸರಿಯಾದದ್ದೇ.

ಸಿಪಿಎಲ್ ಸಿಕ್ಕ ತಕ್ಷಣ ಕೆಲಸ ಸಿಗುತ್ತದೆಯೇ?

ಖಾತ್ರಿ ಇಲ್ಲ. ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಜೊತೆಗಿರಬೇಕು. ಆಮೇಲೆ ಕಂಪನಿಯ ಲಿಖಿತ ಪರೀಕ್ಷೆ, ಸಂದರ್ಶನ, ಸಿಮ್ಯುಲೇಟರ್ ಪರೀಕ್ಷೆ. ಎ320 ಅಥವಾ ಎಟಿಆರ್‌ನ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿ ಹಾರಿಸುವ ಅರ್ಹತೆಗೆ, ಹತ್ತು ಲಕ್ಷಗಳ ಲೆಕ್ಕದಲ್ಲಿ ಬೇರೆ ಖರ್ಚು. ಮೊದಲು ಕೆಲಸದ ಪತ್ರ, ಆಮೇಲೆ ಟೈಪ್ ರೇಟಿಂಗ್ ಎಂಬ ಕ್ರಮ ತಪ್ಪಿಸಬೇಡಿ. ಕೈಯಿಂದ ಹಣ ಹಾಕಿ ರೇಟಿಂಗ್ ಮಾಡಿಸಿಕೊಂಡು, ಆ ವಿಮಾನ ಹಾರಿಸುವ ಕಂಪನಿ ನೇಮಕ ನಿಲ್ಲಿಸಿದರೆ ಕಾಗದ ಹಳತಾಗುತ್ತದೆ, ಬಡ್ಡಿ ನಿಲ್ಲುವುದಿಲ್ಲ.

ಕ್ಯಾಪ್ಟನ್ ಆಗಲು ಎಟಿಪಿಎಲ್ ಎಂಬ ಮೇಲಿನ ಪರವಾನಗಿ ಬೇಕು: ವಯಸ್ಸು 21, ಒಟ್ಟು 1,500 ಗಂಟೆ. ಅಲ್ಲಿಂದ ಮುಂದೆ ಕಂಪನಿಯ ಸರದಿ. ಕೆಲಸ ಸಿಕ್ಕ ಮೇಲೂ 6 ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಇದ್ದದ್ದೇ, 90 ದಿನದಲ್ಲಿ 3 ಟೇಕ್‌ಆಫ್, 3 ಲ್ಯಾಂಡಿಂಗ್ ಇಲ್ಲದಿದ್ದರೆ ಪ್ರಯಾಣಿಕರನ್ನು ಹೊತ್ತು ಹಾರುವಂತಿಲ್ಲ.

ಪೈಲಟ್ ನಿವೃತ್ತಿ ವಯಸ್ಸು 58, 60, 65 ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಮೂರೂ ಬೇರೆ ಬೇರೆ ಮಾತು. 65 ಎಂಬುದು ಕಾನೂನಿನ ಗೋಡೆ: 65 ತುಂಬಿದ ದಿನದಿಂದ ವಾಣಿಜ್ಯ ವಿಮಾನ ಸಾರಿಗೆಯಲ್ಲಿ ಪೈಲಟ್ ಆಗಿ ಕೂರುವಂತಿಲ್ಲ. 60 ಎಂಬುದು ಒಬ್ಬನೇ ಪೈಲಟ್ ಇರುವ ಹಾರಾಟದ ಗಡಿ. 60ರಿಂದ 65ರವರೆಗೆ ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಷ್ಟೇ ಹಾರಬಹುದು, ಮೆಡಿಕಲ್ 6 ತಿಂಗಳಿಗೊಮ್ಮೆ. 58 ಎಂಬುದು ಕಂಪನಿಯ ಕರಾರು. ಕೆಲವೆಡೆ 58 ಅಥವಾ 60ಕ್ಕೆ ಖಾಯಂ ನೌಕರಿ ಮುಗಿಸಿ, ಮುಂದಿನ ವರ್ಷಗಳನ್ನು ಗುತ್ತಿಗೆಯ ಮೇಲೆ ಕೊಡುವ ಪದ್ಧತಿಯಿದೆ. ಗುತ್ತಿಗೆಯಲ್ಲಿ ಪಿಎಫ್, ವಿಮೆ, ರಜೆ ಬದಲಾಗಬಹುದು. ಸೇರುವ ದಿನವೇ ಆ ಪುಟ ಓದಿಕೊಳ್ಳಿ.

ಈ ಗಡಿ ಮೊದಲಿನಿಂದ ಹೀಗಿರಲಿಲ್ಲ. ಅಮೆರಿಕ 1960ರಲ್ಲಿ 60ರ ನಿಯಮ ತಂದಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರ ನವೆಂಬರ್‌ನಲ್ಲಿ 65ಕ್ಕೆ ಏರಿಸಿತು, ಒಂದು ಷರತ್ತಿನ ಮೇಲೆ: ಒಬ್ಬರು 60 ದಾಟಿದ್ದರೆ ಪಕ್ಕದವರು 60ರ ಒಳಗಿರಬೇಕು. 2014ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಿಯಮದಿಂದ ಆ ಷರತ್ತೂ ಹೋಯಿತು. ಅಮೆರಿಕದಲ್ಲಿ 65 ಜಾರಿಯಾದದ್ದು 2007ರ ಡಿಸೆಂಬರ್‌ನಲ್ಲಿ. ಅಲ್ಲಿ 67ಕ್ಕೆ ಏರಿಸುವ ಪ್ರಸ್ತಾವ 2023ರಲ್ಲಿ ಕೆಳಮನೆಯಲ್ಲಿ ಪಾಸಾಯಿತು, 2024ರ ಅಂತಿಮ ಕಾನೂನಿನಲ್ಲಿ ಉಳಿಯಲಿಲ್ಲ.

67 ಮಾಡಿದರೆ ಏನು ತೊಂದರೆ? ಅನುಭವ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಅನುಭವ ದೊಡ್ಡ ಆಸ್ತಿ ನಿಜ. ಚಿಂತೆ ಇರುವುದು ಏಕಾಏಕಿ ಎಚ್ಚರ ತಪ್ಪುವ ಹೃದಯದ, ಮೆದುಳಿನ ತೊಂದರೆಗಳ ಬಗ್ಗೆ. ವಯಸ್ಸಿನ ಜೊತೆ ಆ ಸಾಧ್ಯತೆ ಏರುತ್ತದೆ. ಕೆಲಸದ ಮಟ್ಟದಲ್ಲಿ ಇನ್ನೊಂದು ತೊಡಕಿದೆ. ಒಂದು ದೇಶ ತಾನೊಂದೇ 67 ಮಾಡಿದರೆ ಅದರ 65 ದಾಟಿದ ಪೈಲಟ್‌ಗಳು ಬೇರೆ ದೇಶದ ಆಕಾಶಕ್ಕೆ ಹೋಗುವಂತಿಲ್ಲ. ಅವರು ದೇಶದೊಳಗಿನ ಹಾರಾಟಕ್ಕೆ, ಎಷ್ಟೋ ಸಲ ಚಿಕ್ಕ ವಿಮಾನಕ್ಕೆ ಬರಬೇಕು, ಹೊಸ ಟೈಪ್ ರೇಟಿಂಗ್ ಬೇಕು, ಕೆಳಗಿನವರ ಸರದಿ ನಿಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ವಯಸ್ಸಿನ ಅಂಕಿ ಬದಲಿಸುವುದಾದರೆ ಎಲ್ಲ ದೇಶಗಳೂ ಒಟ್ಟಿಗೆ ಬದಲಿಸಬೇಕು.

65 ಆದ ಮೇಲೆ ಏನು ಮಾಡುತ್ತಾರೆ?

ಸಿಮ್ಯುಲೇಟರ್‌ನಲ್ಲಿ ಕಲಿಸುವುದು, ಗ್ರೌಂಡ್ ಕ್ಲಾಸ್, ಸುರಕ್ಷತಾ ತಪಾಸಣೆ. ಸಿಮ್ಯುಲೇಟರ್ ನೆಲಕ್ಕೆ ಬಿಗಿದ ಯಂತ್ರವಾದ್ದರಿಂದ ಅಲ್ಲಿ ವಯಸ್ಸಿನ ಗೋಡೆ ಬೇರೆ. ಮೆಡಿಕಲ್ ಇದ್ದರೆ ಸ್ವಂತ ಖುಷಿಗೆ ಖಾಸಗಿ ವಿಮಾನ ಹಾರಿಸಲೂಬಹುದು, ದುಡ್ಡಿಗೆ ಪ್ರಯಾಣಿಕರನ್ನು ಹೊರುವಂತಿಲ್ಲ ಅಷ್ಟೇ.

ದಿನಕ್ಕೆ ಎಷ್ಟು ಹೊತ್ತು ಹಾರಿಸುತ್ತಾರೆ? ನಿದ್ದೆ ಸಿಗುತ್ತದೆಯೇ?

ವರ್ಷಕ್ಕೆ 1,000 ಗಂಟೆ, ವಾರಕ್ಕೆ 35 ಗಂಟೆ ಹಾರಾಟದ ಮಿತಿ. ಹಾರಾಟದ ಗಂಟೆ ಬೇರೆ, ಡ್ಯೂಟಿಯ ಗಂಟೆ ಬೇರೆ ಎಂಬುದನ್ನು ಮನೆಯವರು ತಿಳಿದಿರಬೇಕು. ಮೂರು ಗಂಟೆ ಹಾರಲು ಎಂಟು ಗಂಟೆ ಡ್ಯೂಟಿ ಆಗುವ ದಿನಗಳಿವೆ. 2024ರ ಜನವರಿಯಲ್ಲಿ ಡಿಜಿಸಿಎ ಹೊರಡಿಸಿದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು, ರಾತ್ರಿ ಎಂದರೆ 12ರಿಂದ ಬೆಳಿಗ್ಗೆ 6 ಎಂದು ವಿಸ್ತರಿಸಿತು, ರಾತ್ರಿ ಡ್ಯೂಟಿಯ ಲ್ಯಾಂಡಿಂಗ್‌ಗಳನ್ನು 6ರಿಂದ 2ಕ್ಕೆ ಇಳಿಸಿತು. ಜಾರಿ 2025ರಲ್ಲಿ ಹಂತಹಂತವಾಗಿ ನಡೆಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹಾರಾಟಗಳು ಭಾರೀ ಪ್ರಮಾಣದಲ್ಲಿ ರದ್ದಾದಾಗ ರಾತ್ರಿಯ ಕೆಲವು ಅಂಶಗಳಿಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಬೆಳಗಿನ ಜಾವ ಮೂರರಿಂದ ಐದರ ನಡುವೆ ದೇಹ ತಾನಾಗಿಯೇ ಮಂಕಾಗುತ್ತದೆ, ಕಾಫಿ ಅದನ್ನು ಮುಂದೂಡುತ್ತದೆ ಅಷ್ಟೇ. ಆ ಹೊತ್ತಿನ ಲ್ಯಾಂಡಿಂಗ್ ಕಡಿಮೆ ಮಾಡಿದ್ದು ಬಹಳ ತಡವಾಗಿ ಬಂದ ಒಳ್ಳೆಯ ನಿಯಮ.

ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಸ್ವಲ್ಪ ಕುಡಿದಿದ್ದರೆ?

ಡ್ಯೂಟಿಗೆ 12 ಗಂಟೆ ಮೊದಲು ಮದ್ಯ ನಿಷಿದ್ಧ. ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಮೊದಲ ಸಲ ಸಿಕ್ಕರೆ ಪರವಾನಗಿ 3 ತಿಂಗಳು ಅಮಾನತು, ಎರಡನೆಯ ಸಲ 3 ವರ್ಷ, ಮೂರನೆಯ ಸಲ ರದ್ದು. ಮದ್ಯಸಾರ ಇರುವ ಮೌತ್‌ವಾಶ್, ಕೆಮ್ಮಿನ ಔಷಧ ಕೂಡ ಮುಟ್ಟುವಂತಿಲ್ಲ. 12 ಗಂಟೆ ಆಯಿತೆಂದು ಹೆಚ್ಚು ಕುಡಿದವನ ರಕ್ತ ಶುದ್ಧವಾಗಿರುವುದಿಲ್ಲ. ಡ್ಯೂಟಿಯ ಹಿಂದಿನ ದಿನ ಮುಟ್ಟದಿರುವುದೊಂದೇ ದಾರಿ.

ಕೆಲಸ ಬಿಡಬೇಕೆಂದರೆ ಒಂದು ವರ್ಷ ಕಾಯಬೇಕಂತೆ, ಹೌದೇ?

ಡಿಜಿಸಿಎಯ 2017ರ ನಿಯಮದಂತೆ ಕ್ಯಾಪ್ಟನ್‌ಗೆ 1 ವರ್ಷ, ಸಹ ಪೈಲಟ್‌ಗೆ 6 ತಿಂಗಳ ನೋಟಿಸ್. ಇದರ ಮೇಲೆ ಕಂಪನಿಯ ತರಬೇತಿ ಬಾಂಡ್ ಬೇರೆ ಇರುತ್ತದೆ.

ಹೆಣ್ಣುಮಕ್ಕಳಿಗೆ ಅವಕಾಶ ಹೇಗಿದೆ? ವಾಯುಪಡೆಯ ದಾರಿ?

ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಹಿಳೆಯರು. ಜಗತ್ತಿನ ಸರಾಸರಿಗಿಂತ ಬಹಳ ಮೇಲೆ. ನಿಯಮ, ಸಂಬಳ, ಗಂಟೆ ಎಲ್ಲ ಒಂದೇ. ಸ್ವಂತ ಹಣವಿಲ್ಲದವರಿಗೆ ವಾಯುಪಡೆ ಅತ್ಯುತ್ತಮ ದಾರಿ, ಮತ್ತು ಈ ಭಾಗದವರಿಗೆ ಅದರ ಬಾಗಿಲು ಹತ್ತಿರದಲ್ಲೇ ಇದೆ: 1963ರಿಂದ ವಿಜಯಪುರದ ಸೈನಿಕ ಶಾಲೆ, ಹುಡುಗಿಯರಿಗೆ ಕಿತ್ತೂರಿನ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆ. ಸೇನಾ ತರಬೇತಿ ಕೊಡುವ ಎನ್‌ಡಿಎ ಅಕಾಡೆಮಿಗೆ ಹುಡುಗಿಯರ ಮೊದಲ ತಂಡ ಸೇರಿದ್ದು 2022ರಲ್ಲಿ. ಸರ್ಕಾರದ ಖರ್ಚಿನಲ್ಲಿ ಕಲಿತು, 20 ವರ್ಷ ಸೇವೆ ಮುಗಿಸಿ ಪಿಂಚಣಿ ಸಮೇತ ಹೊರಬಂದು, 65ರವರೆಗೆ ನಾಗರಿಕ ವಿಮಾನ ಹಾರಿಸಿದವರು ಬಹಳ ಮಂದಿ. ಒಂದು ಎಚ್ಚರಿಕೆ: ವಾಯುಪಡೆಯ ಕಣ್ಣಿನ ಅಳತೆ ನಾಗರಿಕ ಮೆಡಿಕಲ್‌ಗಿಂತ ಬಿಗಿ.

ನಡುವೆ ಮೆಡಿಕಲ್ ಹೋದರೆ ಸಾಲದ ಗತಿ?

ಈ ಪ್ರಶ್ನೆಯನ್ನು ಸಾಲ ತೆಗೆಯುವ ಮೊದಲೇ ಕೇಳಬೇಕು. ಲಾಸ್ ಆಫ್ ಲೈಸೆನ್ಸ್ ಎಂಬ ವಿಮೆ ಇದೆ. ಕಂಪನಿ ಗುಂಪಾಗಿ ಮಾಡಿಸಿದ್ದರೂ ಮೊತ್ತ ನಿಮ್ಮ ಉಳಿದ ಸಾಲಕ್ಕೆ ಸಾಲುತ್ತದೆಯೇ ನೋಡಿ. ಪಾಲಿಸಿಯಲ್ಲಿ ಮೂರು ಜಾಗ ಓದಿ: ತಾತ್ಕಾಲಿಕ ಅನ್‌ಫಿಟ್‌ಗೂ ಹಣ ಬರುತ್ತದೆಯೇ, ಎಷ್ಟು ತಿಂಗಳು ಕಾದ ಮೇಲೆ ಬರುತ್ತದೆ, ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಟ್ಟಿದ್ದಾರೆಯೇ. ವಯಸ್ಸು ಏರಿದಂತೆ ಸಿಗುವ ಮೊತ್ತ ಇಳಿಯುವ ಪಾಲಿಸಿಗಳೂ ಇವೆ. ವಿದ್ಯಾರ್ಥಿಯಾಗಿದ್ದಾಗ ಈ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಆ ಎರಡು ವರ್ಷಗಳ ಸಾಲಕ್ಕೆ ಮನೆಯಿರುವ ಜಾಗವನ್ನೂ ನೀರಾವರಿ ಹೊಲವನ್ನೂ ಎರಡನ್ನೂ ಒಟ್ಟಿಗೆ ಅಡ ಇಡಬೇಡಿ.